ಕಡಲ ತಳಕ್ಕೆ ಕೇಬಲ್ ಹಾಸುವ ಲೆಕ್ಕ



ಪರದೇಶದಲ್ಲಿರುವ ನೆಂಟರ ಜೊತೆ ಮೊಬೈಲಿನಲ್ಲಿ ಮಾತಾಡಿದರೆ ಆ ಮಾತು ಆಕಾಶದ ಉಪಗ್ರಹದ ಮೂಲಕ ಹೋಗುತ್ತೆ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆದರೆ ದೇಶ ದೇಶಗಳ ನಡುವಿನ ಮಾತು, ಚಿತ್ರ, ಇಂಟರ್‌ನೆಟ್ ಇವುಗಳಲ್ಲಿ ಬಹುಪಾಲು ಹೋಗುವುದು ಸಮುದ್ರದ ತಳದಲ್ಲಿ ಮಲಗಿರುವ ಕೇಬಲ್‌ಗಳ ಮೂಲಕ. ಈ ಕೇಬಲ್‌ಗಳನ್ನು ಮೂರು ನಾಲ್ಕು ಕಿ.ಮೀ. ಆಳದಲ್ಲಿ ಹಾಸಿದ್ದು ಹೇಗೆ? ಅಲ್ಲಿಗೆ ಮನುಷ್ಯ ಇಳಿಯಲಾರ. ಬೆಳಕೂ ಇಲ್ಲ. ಹಡಗು ಮೇಲೆ ನಿಂತು, ಕೇಬಲನ್ನು ಹಿಂದಿನಿಂದ ಬಿಡುತ್ತಾ ಹೋಗಬೇಕು. ಕೆಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಕಾಣದ ಜಾಗವನ್ನು ನೋಡಲು ಇಂಜಿನಿಯರುಗಳ ಕೈಲಿ ಇದ್ದದ್ದು ಒಂದೇ ಒಂದು ಕಣ್ಣು. ಅದು ಗಣಿತ.

"ಈ ಪೈಥಾಗೊರಸ್, ಈ ಆರ್ಕಿಮಿಡೀಸ್ ಎಲ್ಲ ಪರೀಕ್ಷೆ ಮುಗಿದ ಮೇಲೆ ಯಾತಕ್ಕೆ ಬರುತ್ತೆ?" ಅಂತ ನಮ್ಮ ತರಗತಿಯಲ್ಲಿ ಕೇಳುವವರು ಬಹಳ. ಅವರಿಗೋಸ್ಕರವೇ ಈ ಲೇಖನ ಬರೆದಿದ್ದೇನೆ. ಇದರಲ್ಲಿ ಹತ್ತನೇ ತರಗತಿ ಮೀರಿದ ಲೆಕ್ಕ ಒಂದೂ ಇಲ್ಲ.

1. ಗಣಿತದ ಮಾದರಿ ಎಂದರೇನು?

ಮಾದರಿ ಅಂದ ಕೂಡಲೇ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಥರ್ಮೋಕೋಲಿನಲ್ಲಿ ಮಾಡುವ ಮಾಡೆಲ್ ನೆನಪಾಗುತ್ತೆ. ಗಣಿತದ ಮಾದರಿ ಅದಲ್ಲ. ಒಂದು ಕೆಲಸದಲ್ಲಿ ನೂರು ಸಂಗತಿ ಇರುತ್ತವೆ. ಅದರಲ್ಲಿ ಮುಖ್ಯವಾದ ಮೂರೋ ನಾಲ್ಕೋ ಆರಿಸಿಕೊಂಡು, ಅವುಗಳ ನಡುವಿನ ಸಂಬಂಧವನ್ನು ಸಮೀಕರಣದಲ್ಲಿ ಬರೆಯುವುದೇ ಗಣಿತದ ಮಾದರಿ. ಕೇಬಲ್ ವಿಷಯದಲ್ಲಿ ನಾವು ಇಟ್ಟುಕೊಳ್ಳುವುದು ಇಷ್ಟು: ನೀರಿನೊಳಗೆ ಒಂದು ಮೀಟರ್ ಕೇಬಲಿನ ತೂಕ, ಸಮುದ್ರದ ಆಳ, ಹಡಗಿನ ವೇಗ, ಕೇಬಲ್ ಮುಳುಗುವ ವೇಗ. ಅಲೆ, ಪ್ರವಾಹ, ಕೇಬಲ್ ಸ್ವಲ್ಪ ಹಿಗ್ಗುವುದು ಇವನ್ನು ಮೊದಲಿಗೆ ಬಿಟ್ಟುಬಿಡುತ್ತೇವೆ. ಬಿಟ್ಟದ್ದು ಏನು ಅಂತ ಮಾತ್ರ ಮರೆಯಬಾರದು. ಯಾಕೆ ಮರೆಯಬಾರದು ಎಂಬುದು ಮುಂದಿನ ಕತೆಯಿಂದ ಗೊತ್ತಾಗುತ್ತೆ.

2. 1857ರಲ್ಲಿ ಏನಾಯಿತು?

ಐರ್ಲೆಂಡಿನಿಂದ ಅಮೆರಿಕದ ಕಡೆಯ ನ್ಯೂಫೌಂಡ್‌ಲ್ಯಾಂಡ್ ದ್ವೀಪದವರೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಸಂದೇಶದ ಕೇಬಲ್ ಹಾಸಬೇಕು ಅಂತ 1857ರ ಆಗಸ್ಟಿನಲ್ಲಿ ಹೊರಟರು. ನಯಾಗರಾ, ಅಗಮೆಮ್ನಾನ್ ಎಂಬ ಎರಡು ಯುದ್ಧನೌಕೆಗಳಲ್ಲಿ ಕೇಬಲ್ ತುಂಬಿದ್ದರು. ನಡುವೆ ಏಳು ಎಳೆ ತಾಮ್ರದ ತಂತಿ, ಅದರ ಮೇಲೆ ಗಟ್ಟಾಪರ್ಚ ಎಂಬ ಮರದ ಅಂಟಿನ ಹೊದಿಕೆ, ಅದರ ಮೇಲೆ ನಾರು, ಎಲ್ಲಕ್ಕಿಂತ ಹೊರಗೆ ಕಬ್ಬಿಣದ ತಂತಿಯ ಕವಚ. ದಪ್ಪ ನಮ್ಮ ಹೆಬ್ಬೆರಳಿನಷ್ಟು, ಸುಮಾರು 16 ಮಿ.ಮೀ.

ಹಡಗಿನ ಹಿಂಭಾಗದಲ್ಲಿ ದೊಡ್ಡ ರಾಟೆಗಳು. ಅವುಗಳ ಮೇಲಿಂದ ಕೇಬಲ್ ಜಾರಿ ನೀರಿಗೆ ಇಳಿಯುತ್ತಿತ್ತು. ಜಾಸ್ತಿ ಜೋರಾಗಿ ಇಳಿಯದಂತೆ ರಾಟೆಗೆ ಬ್ರೇಕ್ ಇತ್ತು. ಆಳ ಹೆಚ್ಚಿದ ಹಾಗೆ ಹಡಗಿಗಿಂತ ಕೇಬಲ್ ಹೆಚ್ಚು ವೇಗದಲ್ಲಿ ಓಡತೊಡಗಿತು. ಹೀಗೇ ಬಿಟ್ಟರೆ ಅರ್ಧ ದಾರಿಗೇ ಕೇಬಲ್ ಮುಗಿದುಹೋಗುತ್ತೆ ಎಂಬ ಭಯ. ಬ್ರೇಕ್ ಬಿಗಿ ಮಾಡಿದರು. ಆಗಸ್ಟ್ 11ರ ಬೆಳಗಿನ ಜಾವ ಅಲೆಗೆ ಹಡಗಿನ ಹಿಂಭಾಗ ಮೇಲೆದ್ದಾಗ ಬ್ರೇಕ್ ಸಡಿಲ ಮಾಡಲಿಲ್ಲ. ಕೇಬಲ್ ಪಟ್ಟನೆ ತುಂಡಾಯಿತು. ಆಗಲೇ ಹಾಸಿದ್ದ 600 ಕಿ.ಮೀ.ಗಿಂತ ಹೆಚ್ಚು ಕೇಬಲ್ 2,000 ಮಾರಿಗಿಂತ ಆಳದ ನೀರಿನಲ್ಲಿ ಉಳಿಯಿತು. ಆ ವರ್ಷ ಕೆಲಸ ಅಲ್ಲಿಗೇ ನಿಂತಿತು.

(ಮಾರು ಅಂದರೆ ನಮ್ಮ ಬಾವಿ ಹಗ್ಗ ಅಳೆಯುವ ಮಾರೇ. ಎರಡೂ ಕೈ ಚಾಚಿದಷ್ಟು ಉದ್ದ. ಇಂಗ್ಲಿಷ್ ನಾವಿಕರ 'ಫ್ಯಾದಮ್' ಕೂಡ ಅಷ್ಟೇ, ಆರು ಅಡಿ. ಆದ್ದರಿಂದ 2,000 ಮಾರು ಅಂದರೆ 12,000 ಅಡಿ, ಸುಮಾರು 3,650 ಮೀಟರ್.)

ಬ್ರೇಕ್ ಕಡಿಮೆಯಾದರೆ ಕೇಬಲ್ ವ್ಯರ್ಥ. ಜಾಸ್ತಿಯಾದರೆ ಕೇಬಲ್ ತುಂಡು. ಹಾಗಾದರೆ ಸರಿಯಾದ ಬ್ರೇಕ್ ಎಷ್ಟು? ಇದೇ ನಮ್ಮ ಲೆಕ್ಕದ ಪ್ರಶ್ನೆ.

3. ನೀರೊಳಗಿನ ತೂಕ

ಬಾವಿಯಿಂದ ನೀರು ಸೇದುವಾಗ ಬಿಂದಿಗೆ ನೀರಿನಲ್ಲಿ ಮುಳುಗಿರುವ ತನಕ ಹಗುರ. ನೀರು ಬಿಟ್ಟು ಮೇಲೆ ಬಂದ ಕೂಡಲೇ ಭಾರ. ಇದು ಆರ್ಕಿಮಿಡೀಸ್ ತತ್ವ. ಕೇಬಲಿಗೂ ಇದೇ ಅನ್ವಯ. 1857ರ ಕೇಬಲ್ ಗಾಳಿಯಲ್ಲಿ ಮೀಟರಿಗೆ ಸುಮಾರು 550 ಗ್ರಾಂ ತೂಗುತ್ತಿತ್ತು. ಸಮುದ್ರದ ನೀರಿನಲ್ಲಿ ಸುಮಾರು 367 ಗ್ರಾಂ ಮಾತ್ರ. ಅದು ತಡೆಯಬಲ್ಲ ಎಳೆತ ಸುಮಾರು 3,300 ಕೆ.ಜಿ. (ವಿಜ್ಞಾನ ಮೇಡಂ ಪ್ರಕಾರ ಬಲವನ್ನು ನ್ಯೂಟನ್‌ನಲ್ಲಿ ಬರೆಯಬೇಕು. ಓದುವವರಿಗೆ ಸುಲಭವಾಗಲಿ ಅಂತ ನಾನು ಕೆ.ಜಿ. ಭಾರದಲ್ಲೇ ಬರೆದಿದ್ದೇನೆ. 9.8ರಿಂದ ಗುಣಿಸಿದರೆ ನ್ಯೂಟನ್ ಬರುತ್ತೆ.)

ಈಗ ಕೇಬಲ್ ಹಡಗಿನಿಂದ ನೇರ ಕೆಳಗೆ 3,650 ಮೀ. ನೇತಾಡುತ್ತಿದೆ ಅಂತ ಇಟ್ಟುಕೊಳ್ಳಿ.

ಎಳೆತ = 3,650 × 0.367 = ಸುಮಾರು 1,340 ಕೆ.ಜಿ.

ತಡೆಯುವ ಶಕ್ತಿ 3,300. ಎರಡೂವರೆ ಪಟ್ಟಿಗೆ ಸ್ವಲ್ಪ ಕಡಿಮೆ. ಅಂದರೆ ಬರೀ ತೂಕದಿಂದ ಕೇಬಲ್ ತುಂಡಾಗಬೇಕಿರಲಿಲ್ಲ. ತುಂಡು ಮಾಡಿದ್ದು ಬಿಗಿದ ಬ್ರೇಕ್ ಮತ್ತು ಎದ್ದ ಅಲೆ, ಎರಡೂ ಸೇರಿ. ಮಾದರಿಯಲ್ಲಿ ನಾವು ಬಿಟ್ಟುಬಿಟ್ಟಿದ್ದ ಅಲೆಯೇ ಕೊನೆಗೆ ಕೈಕೊಟ್ಟಿತು ನೋಡಿ. ಬಿಟ್ಟದ್ದನ್ನು ಮರೆಯಬಾರದು ಅಂದದ್ದು ಇದಕ್ಕೇ.

4. ಕೇಬಲ್ ನೀರಿನಲ್ಲಿ ಯಾವ ಆಕಾರದಲ್ಲಿ ಇರುತ್ತೆ?

ಹಡಗು ನಿಂತಿಲ್ಲ, ಮುಂದೆ ಹೋಗುತ್ತಿದೆ. ಹಾಗಾದರೆ ಕೇಬಲ್ ನೇರ ಕೆಳಗೆ ಇಳಿಯುವುದಿಲ್ಲ, ಹಿಂದಕ್ಕೆ ವಾಲಿರುತ್ತೆ. ಅದರ ಆಕಾರ ಏನು? ನಾನು ಗೆಳೆಯರನ್ನು ಕೇಳಿದಾಗ ಎಲ್ಲರೂ "ಕರೆಂಟ್ ಕಂಬದ ತಂತಿ ಹಾಗೆ ಜೋತು ಬಿದ್ದಿರುತ್ತೆ" ಅಂದರು. ಆದರೆ ಸಮನಾದ ವೇಗದಲ್ಲಿ ಹೋಗುತ್ತಾ, ತಳದಲ್ಲಿ ಬಿಗಿಯದಂತೆ ಕೇಬಲ್ ಬಿಟ್ಟರೆ ಅದು ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆಯಲ್ಲಿ ಇರುತ್ತೆ!

ಇದಕ್ಕೆ ಒಂದು ಸುಲಭ ವಿವರಣೆ ಇದೆ. ಹಡಗಿನಿಂದ ಸೆಕೆಂಡಿಗೆ ಒಂದರಂತೆ ಸಣ್ಣ ಕಲ್ಲು ಬಿಡುತ್ತಾ ಹೋಗುತ್ತೇವೆ ಅನ್ನಿ. ಹಡಗು ಸೆಕೆಂಡಿಗೆ 3 ಮೀಟರ್ ಹೋಗುತ್ತೆ (ಗಂಟೆಗೆ ಸುಮಾರು 11 ಕಿ.ಮೀ., ಸೈಕಲ್ ಮೆಲ್ಲಗೆ ತುಳಿದ ಹಾಗೆ). ಕಲ್ಲು ಸೆಕೆಂಡಿಗೆ ಅರ್ಧ ಮೀಟರ್ ಮುಳುಗುತ್ತೆ ಅಂತ ಇಟ್ಟುಕೊಳ್ಳೋಣ. 10 ಸೆಕೆಂಡಿನ ಹಿಂದೆ ಬಿಟ್ಟ ಕಲ್ಲು ಈಗ 30 ಮೀ. ಹಿಂದೆ, 5 ಮೀ. ಆಳದಲ್ಲಿದೆ. 20 ಸೆಕೆಂಡಿನ ಹಿಂದಿನದು 60 ಮೀ. ಹಿಂದೆ, 10 ಮೀ. ಆಳ. 100 ಸೆಕೆಂಡಿನದು 300 ಮೀ. ಹಿಂದೆ, 50 ಮೀ. ಆಳ. ಎಲ್ಲ ಕಲ್ಲಿಗೂ ಅನುಪಾತ 6 : 1. ಗ್ರಾಫ್ ಹಾಳೆಯಲ್ಲಿ ಗುರುತಿಸಿ ನೋಡಿ, ಒಂದೇ ನೇರ ಗೆರೆ ಬರುತ್ತೆ. ಕೇಬಲ್ ಅಂದರೆ ಒಂದಕ್ಕೊಂದು ಅಂಟಿಕೊಂಡ ಕಲ್ಲುಗಳ ಸಾಲು ಅಂದುಕೊಂಡರೆ ಆಯಿತು.

ಉದ್ದನೆಯ ಕೇಬಲ್ ಅಡ್ಡಡ್ಡ ಮಲಗಿ ಮುಳುಗುವುದರಿಂದ ನೀರು ಅದನ್ನು ತಡೆಯುತ್ತೆ. ಕೈಯಿಂದ ಬಿಟ್ಟ ಮಡಿಸದ ಕಾಗದ ನಿಧಾನಕ್ಕೆ ಬೀಳುವುದಿಲ್ಲವೇ, ಹಾಗೆ. ಅಂದಿನ ಕೇಬಲ್‌ಗಳಿಗೆ ಸೆಕೆಂಡಿಗೆ ಅರ್ಧ ಮೀಟರ್ ಅನ್ನುವುದು ಹೆಚ್ಚುಕಮ್ಮಿ ಸರಿಹೊಂದುವ ಸಂಖ್ಯೆ.

ಆಳ 3,600 ಮೀ. ಆದರೆ ತಳ ಮುಟ್ಟಲು ಎಷ್ಟು ಹೊತ್ತು?

3,600 ÷ 0.5 = 7,200 ಸೆಕೆಂಡು = 2 ಗಂಟೆ.

ಆ 2 ಗಂಟೆಯಲ್ಲಿ ಹಡಗು ಹೋಗುವ ದೂರ = 7,200 × 3 = 21,600 ಮೀ. = 21.6 ಕಿ.ಮೀ.

ಅಂದರೆ ಕೇಬಲ್ ತಳ ಮುಟ್ಟುವ ಜಾಗ ಹಡಗಿನಿಂದ 21 ಕಿ.ಮೀ.ಗಿಂತಲೂ ಹಿಂದೆ ಇರುತ್ತೆ! ಇಂಜಿನಿಯರ್ ಈಗ ಮಾಡಿದ ಕೆಲಸದ ಫಲ ಎರಡು ಗಂಟೆ ಬಿಟ್ಟು ತಳದಲ್ಲಿ ಕಾಣುತ್ತೆ. ಲೆಕ್ಕ ಇಲ್ಲದೆ ಈ ಕೆಲಸ ಮಾಡಲು ಸಾಧ್ಯವೇ?

5. ಇಳಿಜಾರಿನ ಗುಟ್ಟು

ನೀರಿನಲ್ಲಿ ಓರೆಯಾಗಿರುವ ಕೇಬಲಿನ ಉದ್ದವನ್ನು ಪೈಥಾಗೊರಸ್ ಪ್ರಮೇಯದಿಂದ ಕಂಡುಹಿಡಿಯಬಹುದು. ಪಾದ 21.6, ಎತ್ತರ 3.6. ವರ್ಗಗಳ ಮೊತ್ತ 466.56 + 12.96 = 479.52. ವರ್ಗಮೂಲ ಸುಮಾರು 21.9 ಕಿ.ಮೀ.

ಈಗ ನಿಜವಾದ ಆಶ್ಚರ್ಯ. 1865ರಲ್ಲಿ ಮಾಡಿದ ಹೊಸ ಅಟ್ಲಾಂಟಿಕ್ ಕೇಬಲ್ ನೀರಿನಲ್ಲಿ ಮೀಟರಿಗೆ ಸುಮಾರು 384 ಗ್ರಾಂ. ತಡೆಯುವ ಶಕ್ತಿ ಸುಮಾರು 7,870 ಕೆ.ಜಿ. ಇಂಥ 21.9 ಕಿ.ಮೀ. ಕೇಬಲಿನ ತೂಕ:

21,900 × 0.384 = ಸುಮಾರು 8,410 ಕೆ.ಜಿ.

ತೂಕವೇ ಶಕ್ತಿಗಿಂತ ಜಾಸ್ತಿ ಆಯಿತು! ಹಾಗಾದರೆ ಕೇಬಲ್ ತುಂಡಾಗಬೇಕಲ್ಲ? ಆಗುವುದಿಲ್ಲ. ಲಾರಿಗೆ ಪೀಪಾಯಿ ಏರಿಸುವಾಗ ಹಲಗೆ ಓರೆ ಇಟ್ಟು ಉರುಳಿಸುತ್ತಾರೆ. ಆಗ ಪೀಪಾಯಿಯ ಪೂರ್ತಿ ಭಾರ ತಳ್ಳುವವನ ಮೇಲೆ ಬೀಳುವುದಿಲ್ಲ, ಹೆಚ್ಚಿನ ಪಾಲನ್ನು ಹಲಗೆ ಹೊರುತ್ತೆ. ಇಲ್ಲಿ ಹಲಗೆಯ ಕೆಲಸವನ್ನು ನೀರಿನ ತಡೆ ಮಾಡುತ್ತೆ. ಹಡಗಿನ ಪಾಲಿಗೆ ಬರುವುದು ಎತ್ತರವನ್ನು ಇಳಿಜಾರಿನ ಉದ್ದದಿಂದ ಭಾಗಿಸಿದಷ್ಟು ಭಾಗ:

8,410 × (3.6 ÷ 21.9) = ಸುಮಾರು 1,382 ಕೆ.ಜಿ.

ಈಗ ಇನ್ನೊಂದು ಲೆಕ್ಕ ಮಾಡಿ. ಕೇಬಲ್ ನೇರ ಕೆಳಗೆ 3,600 ಮೀ. ಇಳಿಬಿಟ್ಟಿದ್ದರೆ ತೂಕ 3,600 × 0.384 = 1,382 ಕೆ.ಜಿ. ಅದೇ ಉತ್ತರ! ಹಡಗು ನಿಧಾನ ಹೋಗಲಿ, ಜೋರಾಗಿ ಹೋಗಲಿ, ಕೇಬಲ್ ಎಷ್ಟೇ ವಾಲಲಿ, ಬೇಕಾದ ಬ್ರೇಕ್ ಒಂದೇ. ಇದೇ ಆ ಸೂತ್ರ:

ಬ್ರೇಕ್ = ನೀರಿನಲ್ಲಿ ಒಂದು ಮೀಟರಿನ ತೂಕ × ಆಳ

ಕೇಬಲ್ ಉದ್ದಕ್ಕೂ ಜಾರುವಾಗ ನೀರಿನ ಜೊತೆ ಸ್ವಲ್ಪ ಘರ್ಷಣೆ ಆಗುತ್ತೆ. ಅದನ್ನು ಇದರಲ್ಲಿ ಕಳೆಯಬೇಕು. ಬ್ರೇಕ್ ಇದಕ್ಕಿಂತ ಕಡಿಮೆಯಾದರೆ ಕೇಬಲ್ ಇಳಿಜಾರಿನಲ್ಲಿ ಬಂಡಿ ಉರುಳಿದ ಹಾಗೆ ತಾನೇ ಜಾರಿ ಓಡುತ್ತೆ. 1857ರಲ್ಲಿ ಆಳಕ್ಕೆ ಬಂದಾಗ ಕೇಬಲ್ ಓಡತೊಡಗಿದ್ದಕ್ಕೆ ಕಾರಣ ಇದರಲ್ಲೇ ಇದೆ. ಆಳ ಹೆಚ್ಚಿದರೆ ಬೇಕಾದ ಬ್ರೇಕೂ ಹೆಚ್ಚುತ್ತೆ.

ಈ ನಿಯಮವನ್ನು ಜರ್ಮನಿಯ ವರ್ನರ್ ಸೀಮೆನ್ಸ್ ಅದೇ 1857ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಕೇಬಲ್ ಹಾಕುವಾಗ ಬಳಸಿದರು. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಏರಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾಗಿದ್ದ ವಿಲಿಯಂ ಥಾಮ್ಸನ್ ಇವರೂ ಕೇಬಲ್ ಮುಳುಗುವ ಲೆಕ್ಕದ ಮೇಲೆ ಬರೆದರು. ಈ ಥಾಮ್ಸನ್ ಅವರೇ ಮುಂದೆ ಲಾರ್ಡ್ ಕೆಲ್ವಿನ್ ಆದವರು. ಉಷ್ಣತೆಯ ಪಾಠದಲ್ಲಿ ಬರುವ ಕೆಲ್ವಿನ್ ಮಾನ ಇವರ ಹೆಸರಿನದೇ. ಇವರು ಮನೆಯಲ್ಲಿ ಕೂತು ಲೆಕ್ಕ ಮಾಡಿದವರಲ್ಲ, ಅಟ್ಲಾಂಟಿಕ್ ಕೇಬಲಿನ ಹಡಗುಗಳಲ್ಲೇ ಹೋಗಿದ್ದರು.

6. ಎಷ್ಟು ಸಡಿಲ ಬಿಡಬೇಕು?

ಸಮುದ್ರದ ತಳ ನಮ್ಮ ಆಟದ ಮೈದಾನದ ಹಾಗೆ ಸಮ ಅಲ್ಲ. ಅಲ್ಲೂ ಗುಡ್ಡ, ಕಣಿವೆ ಇವೆ. ಕೇಬಲ್ ಬಿಗಿಯಾಗಿ ಬಿದ್ದರೆ ಎರಡು ಗುಡ್ಡದ ತುದಿ ಮಧ್ಯೆ ಬಟ್ಟೆ ಒಣಹಾಕುವ ತಂತಿ ಹಾಗೆ ನೇತಾಡುತ್ತೆ. ನೀರಿನ ಸೆಳೆತಕ್ಕೆ ಅಲುಗಿ ಅಲುಗಿ, ಬಂಡೆಗೆ ಉಜ್ಜಿ ಉಜ್ಜಿ ಒಂದು ದಿನ ಹರಿಯುತ್ತೆ. ಅದಕ್ಕೇ ಹಡಗು ಹೋದ ದೂರಕ್ಕಿಂತ ಸ್ವಲ್ಪ ಹೆಚ್ಚು ಕೇಬಲ್ ಬಿಡುತ್ತಾರೆ.

ಜೋತುಬಿದ್ದ ಹಗ್ಗದ ಎಳೆತ ಎಷ್ಟು ಅಂತ ಸನ್ನೆಕೋಲಿನ ನಿಯಮದಿಂದ ತಿಳಿಯಬಹುದು. ಹಗ್ಗದ ಅರ್ಧ ಭಾಗವನ್ನು ಮಾತ್ರ ನೋಡಿ. ಅದರ ತೂಕ = (ಮೀಟರಿನ ತೂಕ × ಅಂತರ) ÷ 2. ಈ ತೂಕ ಕಂಬದಿಂದ ಅಂತರದ ಕಾಲು ಭಾಗದಲ್ಲಿ ಕೆಲಸ ಮಾಡುತ್ತೆ. ಹಗ್ಗದ ನಡುವಿನ ಎಳೆತ, ಕಂಬದ ತುದಿಯಿಂದ ಜೋಲಿನಷ್ಟು ಕೆಳಗೆ ಕೆಲಸ ಮಾಡುತ್ತೆ. ಎರಡನ್ನೂ ಸಮ ಮಾಡಿದರೆ:

ಎಳೆತ = (ಮೀಟರಿನ ತೂಕ × ಅಂತರ × ಅಂತರ) ÷ (8 × ಜೋಲು)

ಇದನ್ನು ನಾವು ಮೂವರು ಸೇರಿ ಶಾಲೆಯ ಜಗಲಿಯಲ್ಲಿ ಮಾಡಿ ನೋಡಿದೆವು. ಎರಡು ಕಂಬದ ನಡುವೆ 6 ಮೀ. ಅಂತರ. ದಪ್ಪ ತೆಂಗಿನ ನಾರಿನ ಹಗ್ಗ, ಮೀಟರಿಗೆ 200 ಗ್ರಾಂ. ಒಂದು ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿದೆವು. ನಡುವೆ 50 ಸೆಂ.ಮೀ. ಜೋಲು ಬಿಟ್ಟಾಗ ತಕ್ಕಡಿ 2 ಕೆ.ಜಿ. ಹತ್ತಿರ ತೋರಿಸಿತು. ಸೂತ್ರದ ಉತ್ತರ 1.8. ಜೋಲು 10 ಸೆಂ.ಮೀ.ಗೆ ಬರುವ ಹಾಗೆ ಎಳೆದಾಗ 9 ಕೆ.ಜಿ. ಹತ್ತಿರ ಬಂತು. ಸೂತ್ರದ ಉತ್ತರವೂ 9. ಹಗ್ಗ ಪೂರ್ತಿ ನೇರ ಆಗುವ ಹಾಗೆ ಎಳೆಯಲು ಮೂವರಿಂದಲೂ ಆಗಲಿಲ್ಲ. ಸೂತ್ರ ನೋಡಿದರೆ ಕಾರಣ ತಿಳಿಯುತ್ತೆ. ಜೋಲು ಸೊನ್ನೆ ಆದರೆ ಸೊನ್ನೆಯಿಂದ ಭಾಗಿಸಬೇಕು, ಎಳೆತ ಅನಂತವಾಗುತ್ತೆ!

ಈಗ ಸಮುದ್ರಕ್ಕೆ ಬನ್ನಿ. 200 ಮೀ. ಅಂತರದ ಎರಡು ಬಂಡೆ, ಮಧ್ಯೆ ಮೀಟರಿಗೆ 384 ಗ್ರಾಂ ತೂಗುವ ಕೇಬಲ್.

ಜೋಲು 1 ಮೀ. ಇದ್ದರೆ ಎಳೆತ = (0.384 × 200 × 200) ÷ 8 = 1,920 ಕೆ.ಜಿ.
ಜೋಲು 5 ಮೀ. ಇದ್ದರೆ ಎಳೆತ = (0.384 × 200 × 200) ÷ 40 = 384 ಕೆ.ಜಿ.

ಇದಕ್ಕೆ ಎಷ್ಟು ಹೆಚ್ಚು ಕೇಬಲ್ ಬೇಕು? ಅದಕ್ಕೂ ಸೂತ್ರ ಇದೆ: ಹೆಚ್ಚುವರಿ ಉದ್ದ = (8 × ಜೋಲು × ಜೋಲು) ÷ (3 × ಅಂತರ). 1 ಮೀ. ಜೋಲಿಗೆ 1.3 ಸೆಂ.ಮೀ. 5 ಮೀ. ಜೋಲಿಗೆ ಸುಮಾರು 33 ಸೆಂ.ಮೀ. ಅಂದರೆ 200 ಮೀಟರಿನಲ್ಲಿ ಬರೀ ಒಂದು ಅಡಿಯಷ್ಟು ಹೆಚ್ಚು ಬಿಟ್ಟರೆ ಎಳೆತ ಐದನೇ ಒಂದು ಭಾಗಕ್ಕೆ ಇಳಿಯುತ್ತೆ! ಸ್ವಲ್ಪ ಸಡಿಲ ಎಷ್ಟು ದೊಡ್ಡ ಉಪಕಾರ ಮಾಡುತ್ತೆ ನೋಡಿ.

ಹಾಗಂತ ಬೇಕಾದಷ್ಟು ಬಿಡುವ ಹಾಗೂ ಇಲ್ಲ. ಜಾಸ್ತಿ ಬಿಟ್ಟರೆ ಕೇಬಲ್ ತಳದಲ್ಲಿ ಸುರುಳಿ ಸುತ್ತಿ ಗಂಟಾಗುತ್ತೆ, ದಡ ಮುಟ್ಟುವ ಮೊದಲೇ ಮುಗಿಯಲೂಬಹುದು.

7. ಕೊನೆಗೆ ಗೆದ್ದದ್ದು

1858ಕ್ಕೆ ಹೊಸ ಬ್ರೇಕ್ ಬಂತು. ಎಳೆತ ಮಿತಿ ಮೀರಿದರೆ ಅದು ತಾನಾಗಿಯೇ ಸಡಿಲವಾಗುತ್ತಿತ್ತು. ಎಷ್ಟು ಎಳೆತ ಇದೆ ಅಂತ ತೋರಿಸುವ ಮಾಪಕವೂ ಇತ್ತು. ಆ ವರ್ಷ ಆಗಸ್ಟ್ 5ರಂದು ಕೇಬಲ್ ದಡ ಮುಟ್ಟಿತು. ಇಂಗ್ಲೆಂಡಿನ ರಾಣಿಯ 98 ಪದಗಳ ಸಂದೇಶ ಹೋಗಲು 16 ಗಂಟೆ ಬೇಕಾಯಿತು. ಮಿತಿಮೀರಿದ ವೋಲ್ಟೇಜ್ ಹಾಯಿಸಿದ್ದರಿಂದ ಆ ಕೇಬಲ್ ಕೆಲವೇ ವಾರಗಳಲ್ಲಿ ಕೆಟ್ಟಿತು.

1865ರ ಕೇಬಲಿನಲ್ಲಿ ಒಂದು ಜಾಣತನ ಇದೆ. ಗಾಳಿಯಲ್ಲಿ ಅದು ಮೀಟರಿಗೆ ಸುಮಾರು 980 ಗ್ರಾಂ, ಹಳೆಯದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಆದರೆ ನೀರಿನಲ್ಲಿ ಬರೀ 17 ಗ್ರಾಂ ಜಾಸ್ತಿ. ಯಾಕೆಂದರೆ ಹೊರಗಿನ ಪ್ರತಿ ತಂತಿಗೂ ಹಗುರವಾದ ಮನಿಲಾ ನಾರು ಸುತ್ತಿ ದಪ್ಪ ಮಾಡಿದ್ದರು. ದಪ್ಪ ಜಾಸ್ತಿಯಾದರೆ ಅದು ತಳ್ಳುವ ನೀರೂ ಜಾಸ್ತಿ, ನೀರು ಎತ್ತಿಹಿಡಿಯುವ ಬಲವೂ ಜಾಸ್ತಿ. ಹಳೆಯ ಕೇಬಲ್ ನೀರಿನಲ್ಲಿ ತನ್ನದೇ 9 ಕಿ.ಮೀ. ಉದ್ದವನ್ನು ಹೊರುತ್ತಿತ್ತು. ಹೊಸದು 20 ಕಿ.ಮೀ. ಹೊರುತ್ತಿತ್ತು. ಆರ್ಕಿಮಿಡೀಸ್ ಪಾಠವನ್ನು ಅವರು ಹೀಗೆ ಬಳಸಿಕೊಂಡರು.

ಆದರೂ 1865ರ ಆಗಸ್ಟ್ 2ರಂದು, ದೋಷವಿದ್ದ ಭಾಗವನ್ನು ಹಿಂದಕ್ಕೆ ಎಳೆದುಕೊಳ್ಳುವಾಗ ಕೇಬಲ್ ತುಂಡಾಯಿತು. ಬಿಡುವಾಗ ನೀರಿನ ಘರ್ಷಣೆ ನಮಗೆ ಸಹಾಯ ಮಾಡುತ್ತೆ, ಎಳೆಯುವಾಗ ಅದೇ ಎದುರಾಗುತ್ತೆ. ಅದಕ್ಕೇ ಹಾಸುವುದಕ್ಕಿಂತ ಎತ್ತುವುದು ಅಪಾಯ. ಮರುವರ್ಷ 1866ರ ಜುಲೈ 27ರಂದು ಗ್ರೇಟ್ ಈಸ್ಟರ್ನ್ ಎಂಬ ದೊಡ್ಡ ಹಡಗು ಹೊಸ ಕೇಬಲನ್ನು ದಡ ಮುಟ್ಟಿಸಿತು. ಸೆಪ್ಟೆಂಬರಿನಲ್ಲಿ ಹಿಂದಿನ ವರ್ಷ ಕಳೆದದ್ದನ್ನೂ ಕೊಕ್ಕೆ ಹಾಕಿ ಎತ್ತಿ ಪೂರ್ತಿ ಮಾಡಿದರು. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಹಾಕಿ ತೆಗೆದ ಹಾಗೆ! ಅದೇ ಹಡಗು 1870ರಲ್ಲಿ ನಮ್ಮ ಬೊಂಬಾಯಿಯಿಂದ ಏಡನ್‌ವರೆಗೆ ಕೇಬಲ್ ಹಾಸಿತು.

8. ಈಗ

1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಝೇಜಕ್ ಎಂಬವರು ಕೇಬಲ್ ಹಾಸುವ, ಎತ್ತುವ ಲೆಕ್ಕವನ್ನು ಪೂರ್ತಿಯಾಗಿ ಬರೆದರು. ಅದರಲ್ಲೂ ಮೊದಲು ಬರುವುದು ಇದೇ ನೇರ ಗೆರೆ. ಈಗ ಶಬ್ದದ ಅಲೆ ಕಳಿಸಿ ಸಮುದ್ರ ತಳದ ನಕ್ಷೆ ಮೊದಲೇ ಮಾಡಿಕೊಳ್ಳುತ್ತಾರೆ. ಎಲ್ಲಿ ಎಷ್ಟು ಸಡಿಲ ಅಂತ ಹಡಗಿನ ಕಂಪ್ಯೂಟರ್ ಹೇಳುತ್ತೆ. ನಮ್ಮ ದೇಶದಲ್ಲಿ ಚೆನ್ನೈನಿಂದ ಅಂಡಮಾನ್ ದ್ವೀಪಗಳಿಗೆ ಸುಮಾರು 2,300 ಕಿ.ಮೀ. ಕೇಬಲ್ ಹಾಸಿ 2020ರ ಆಗಸ್ಟ್ 10ರಂದು ಉದ್ಘಾಟಿಸಿದರು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಾಸಿದ್ದು 2024ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಅಲ್ಲಿನ ಮಕ್ಕಳೂ ಇಂಟರ್‌ನೆಟ್ಟಿನಲ್ಲಿ ಪಾಠ ನೋಡುವುದು ಈ ಕೇಬಲ್‌ಗಳ ದೆಸೆಯಿಂದ.

ಆದ್ದರಿಂದ ಸ್ನೇಹಿತರೇ, ಆರ್ಕಿಮಿಡೀಸ್, ಪೈಥಾಗೊರಸ್, ಇಳಿಜಾರು, ಸನ್ನೆಕೋಲು, ನಮ್ಮ ಪುಸ್ತಕದ ಈ ನಾಲ್ಕು ಪಾಠಗಳು ಕೈ ಜೋಡಿಸಿ ಎರಡು ಖಂಡಗಳನ್ನು ಸೇರಿಸಿವೆ ಅಂತ ತಿಳಿಯಿರಿ.

ನೀವೂ ಮಾಡಿ ನೋಡಿ

(ಅ) ನೀರಿನಲ್ಲಿ ಮೀಟರಿಗೆ 400 ಗ್ರಾಂ ತೂಗುವ ಕೇಬಲ್, ಆಳ 2,500 ಮೀ. ಬ್ರೇಕ್ ಎಷ್ಟಿರಬೇಕು? (ಘರ್ಷಣೆ ಬಿಡಿ.)

(ಆ) ಹಡಗಿನ ವೇಗ ಸೆಕೆಂಡಿಗೆ 2 ಮೀ., ಕೇಬಲ್ ಮುಳುಗುವ ವೇಗ ಅರ್ಧ ಮೀ., ಆಳ 2,000 ಮೀ. ಕೇಬಲ್ ತಳ ಮುಟ್ಟುವುದು ಹಡಗಿನಿಂದ ಎಷ್ಟು ಹಿಂದೆ?

(ಇ) ಅದೇ (ಅ) ಕೇಬಲ್ 100 ಮೀ. ಅಂತರದ ಎರಡು ಬಂಡೆ ನಡುವೆ 2 ಮೀ. ಜೋತಿದೆ. ಎಳೆತ ಎಷ್ಟು?

ಉತ್ತರ ಬರೆದು ಗಣಿತ ಮೇಷ್ಟ್ರಿಗೆ ತೋರಿಸಿ. ಸರಿಯುತ್ತರ ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ.

— 10ನೇ ತರಗತಿಯ ವಿದ್ಯಾರ್ಥಿನಿ